ವೇದಿಕೆಯ ಮೇಲಲ್ಲ, ಕಾಫಿ ಕೌಂಟರ್ ಪಕ್ಕ: ನಿಮ್ಮ ಫಾರ್ವರ್ಡ್‌ಗಳನ್ನು ಸಾಫ್ಟ್‌ವೇರ್ ಇಂಜಿನಿಯರ್‌ಗಳಿಗೆ ತೋರಿಸಿದಾಗ

"ನನ್ನ ತಮ್ಮನ ಸ್ನೇಹಿತ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಜಿನಿಯರ್. ಅವನೇ ಹೇಳಿದ್ದು, ಆದಷ್ಟು ಬೇಗ ಎಲ್ಲರಿಗೂ ಕಳಿಸಿ."

ಹೀಗೆ ಶುರುವಾಗುವ ಮೆಸೇಜ್ ನಿಮ್ಮ ಫೋನಿಗೂ ಬಂದಿರುತ್ತದೆ. ಆ ಇಂಜಿನಿಯರ್ ಯಾರು, ಯಾವ ಊರಿನವರು, ನಿಜಕ್ಕೂ ಹಾಗೆ ಹೇಳಿದರೇ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆದರೆ 'ಇಂಜಿನಿಯರ್ ಹೇಳಿದ್ದಾರೆ' ಎಂಬ ಒಂದೇ ಮಾತಿಗೆ ಮೆಸೇಜ್ ನೂರು ಗ್ರೂಪ್ ದಾಟುತ್ತದೆ.

ಹಾಗಾದರೆ ನಿಜವಾದ ಇಂಜಿನಿಯರ್‌ಗಳನ್ನೇ ಕೇಳಿದರೆ ಏನು ಹೇಳುತ್ತಾರೆ? ಈ ಪ್ರಶ್ನೆ ಇಟ್ಟುಕೊಂಡು ನಾವು ಬೆಂಗಳೂರಿನಲ್ಲಿ ನಡೆದ ಡೆವಲಪರ್‌ಗಳ ಸಮ್ಮೇಳನವೊಂದಕ್ಕೆ ಹೋಗಿದ್ದೆವು. ವೇದಿಕೆಯ ಮೇಲಿನ ಭಾಷಣಗಳನ್ನು ಕೇಳಿದ್ದು ಕಡಿಮೆ. ಕಾಫಿ ಕೌಂಟರ್ ಪಕ್ಕ, ಊಟದ ಸಾಲಿನಲ್ಲಿ, ಚಾರ್ಜಿಂಗ್ ಪಾಯಿಂಟ್ ಹತ್ತಿರ ನೆಲದ ಮೇಲೆ ಕೂತವರ ಜೊತೆ ಮಾತಾಡಿದ್ದೇ ಹೆಚ್ಚು. ಓದುಗರಾದ ನೀವು ನಮಗೆ "ಇದು ನಿಜವಾ?" ಎಂದು ಕಳಿಸಿದ ಫಾರ್ವರ್ಡ್‌ಗಳನ್ನು ಒಂದೊಂದಾಗಿ ಅವರಿಗೆ ತೋರಿಸಿದೆವು.

ಮೊದಲೇ ಎರಡು ಮಾತು ಹೇಳಿಬಿಡುತ್ತೇವೆ. ಅವರೆಲ್ಲ ಮಾತಾಡಿದ್ದು ತಮ್ಮ ಸ್ವಂತ ಅಭಿಪ್ರಾಯವಾಗಿ, ಕಂಪನಿಯ ಪರವಾಗಿ ಅಲ್ಲ. ಹಾಗಾಗಿ ಯಾರ ಹೆಸರನ್ನೂ ಬರೆದಿಲ್ಲ. ಇನ್ನೊಂದು, 'ಇಂಜಿನಿಯರ್ ಹೇಳಿದ್ದಾರೆ' ಎಂಬುದನ್ನು ನಾವೂ ಕಣ್ಣುಮುಚ್ಚಿ ನಂಬಲಿಲ್ಲ. ವಾಪಸ್ ಬಂದು ಪ್ರತಿಯೊಂದನ್ನೂ ಪರಿಶೀಲಿಸಿದೆವು. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಮೂರನೇ ಟಿಕ್ ಎಲ್ಲಿದೆ?

ಮೊದಲು ತೋರಿಸಿದ್ದು ಎಲ್ಲರಿಗೂ ಗೊತ್ತಿರುವ ಫಾರ್ವರ್ಡ್. ವಾಟ್ಸ್‌ಆ್ಯಪ್‌ನಲ್ಲಿ ಇನ್ನು ಮೂರು ಟಿಕ್ ಬರುತ್ತದೆ, ಒಂದು ಕೆಂಪಾದರೆ ಸರ್ಕಾರ ನಿಮ್ಮ ಮೇಲೆ ಕ್ರಮ ಕೈಗೊಳ್ಳಬಹುದು, ಮೂರೂ ಕೆಂಪಾದರೆ ಕೋರ್ಟ್‌ನಿಂದ ಸಮನ್ಸ್ ಬರುತ್ತದೆ ಎನ್ನುವುದು.

ನೋಡಿದ ಇಂಜಿನಿಯರ್ ನಕ್ಕರು. ಹುಬ್ಬಳ್ಳಿ ಕಡೆಯವರು, ಮೆಸೇಜಿಂಗ್ ಸರ್ವರ್‌ಗಳ ಮೇಲೆ ಕೆಲಸ ಮಾಡಿದವರು. ಟಿಕ್ ಎಂದರೆ ಪೋಸ್ಟ್‌ಮ್ಯಾನ್ ತರುವ ರಸೀದಿ ಇದ್ದ ಹಾಗೆ ಎಂದು ವಿವರಿಸಿದರು. ಒಂದು ಬೂದು ಟಿಕ್ ಎಂದರೆ ಮೆಸೇಜ್ ನಿಮ್ಮ ಫೋನಿನಿಂದ ಹೊರಟಿದೆ. ಎರಡು ಬೂದು ಟಿಕ್ ಎಂದರೆ ಆ ಕಡೆಯ ಫೋನ್ ತಲುಪಿದೆ. ಎರಡೂ ನೀಲಿಯಾದರೆ ಅವರು ಓದಿದ್ದಾರೆ. ಕತೆ ಅಲ್ಲಿಗೆ ಮುಗಿಯಿತು. ಮೂರನೇ ಟಿಕ್ ಇಲ್ಲವೇ ಇಲ್ಲ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಈ ಮೆಸೇಜ್ ಸುಳ್ಳು ಎಂದು ಹೇಳಿದೆ.

ಸರ್ಕಾರಕ್ಕೆ ನಮ್ಮ ಮೆಸೇಜ್ ಓದಲು ಆಗುವುದಿಲ್ಲವೇ ಎಂದು ಕೇಳಿದೆವು. ಅದಕ್ಕೆ ಅವರು ಬೀಗದ ಉದಾಹರಣೆ ಕೊಟ್ಟರು. 2016ರ ಏಪ್ರಿಲ್‌ನಿಂದ ವಾಟ್ಸ್‌ಆ್ಯಪ್‌ನ ಎಲ್ಲ ಮೆಸೇಜ್‌ಗಳಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆ. ಅಂದರೆ ನಿಮ್ಮ ಫೋನಿನಲ್ಲಿ ಹಾಕಿದ ಬೀಗ ತೆಗೆಯುವ ಕೀಲಿ, ಮೆಸೇಜ್ ಪಡೆಯುವವರ ಫೋನಿನಲ್ಲಿ ಮಾತ್ರ ಇರುತ್ತದೆ. ನಡುವಿನ ಸರ್ವರ್ ಬರೀ ಪೆಟ್ಟಿಗೆ ಹೊರುವ ಹಮಾಲ. ಒಳಗೇನಿದೆ ಎಂದು ಅದಕ್ಕೆ ಕಾಣುವುದಿಲ್ಲ. ಕಾಣದ ಮೇಲೆ 'ಇದು ತಪ್ಪು ಮೆಸೇಜ್' ಎಂದು ಕೆಂಪು ಟಿಕ್ ಹಾಕುವುದು ಹೇಗೆ?

ಆದರೆ ಇಲ್ಲಿಗೇ ನಿಲ್ಲಿಸಬೇಡಿ ಎಂದೂ ಅವರೇ ಹೇಳಿದರು. ಬೀಗ ಇದೆ ಎಂದ ಮಾತ್ರಕ್ಕೆ ಏನು ಕಳಿಸಿದರೂ ನಡೆಯುತ್ತದೆ ಎಂದಲ್ಲ. ಮೆಸೇಜ್ ಪಡೆದವರು ಅದನ್ನು ರಿಪೋರ್ಟ್ ಮಾಡಿದರೆ, ಆ ಚಾಟ್‌ನ ಕೊನೆಯ ಕೆಲವು ಮೆಸೇಜ್‌ಗಳು ಕಂಪನಿಗೆ ಹೋಗುತ್ತವೆ. ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಬಹುದು. ಚಾಟ್‌ಗಳ ಬ್ಯಾಕಪ್ ಕ್ಲೌಡ್‌ನಲ್ಲಿದ್ದರೆ, ಬ್ಯಾಕಪ್‌ಗೂ ಬೀಗ ಹಾಕುವ ಆಯ್ಕೆಯನ್ನು ನೀವೇ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿರಬೇಕು. ಆ ಸೌಲಭ್ಯ ಬಂದಿದ್ದು 2021ರಲ್ಲಿ.

ಒಂದು ಅಕ್ಷರ ಫೋನನ್ನೇ ಕೆಡಿಸಬಹುದೇ?

'ಮಾರ್ಟಿನೆಲ್ಲಿ ಎಂಬ ವಿಡಿಯೊ ನಾಳೆ ಬರುತ್ತದೆ, ತೆರೆದರೆ ಫೋನ್ ಹ್ಯಾಕ್ ಆಗುತ್ತದೆ' ಎಂಬ ಫಾರ್ವರ್ಡ್ ನೆನಪಿದೆಯೇ? 2017ರಿಂದಲೂ ಅದು ದೇಶ ದೇಶ ಸುತ್ತುತ್ತಿದೆ. ಅಂಥ ವಿಡಿಯೊ ಈವರೆಗೆ ಬಂದಿಲ್ಲ. ಯಾವತ್ತೂ 'ನಾಳೆ' ಬರುತ್ತದೆ, ಅಷ್ಟೇ. ನಮ್ಮೂರುಗಳಲ್ಲಿ ಹಿಂದೆ ದೆವ್ವ ಬರಬಾರದೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಆಗ ವಾಟ್ಸ್‌ಆ್ಯಪ್ ಇರಲಿಲ್ಲ. ಆದರೂ ಸುದ್ದಿ ಊರಿಂದ ಊರಿಗೆ ಹಬ್ಬಿತ್ತು. ಈ ವಿಡಿಯೊ ಕೂಡ ಅದೇ ಜಾತಿಯ ದೆವ್ವ.

ಹಾಗಾದರೆ 'ಇದನ್ನು ತೆರೆದರೆ ಫೋನ್ ಕೆಡುತ್ತದೆ' ಎನ್ನುವುದೆಲ್ಲ ಸುಳ್ಳೇ? ಈ ಪ್ರಶ್ನೆಗೆ ನಾವು 'ಹೌದು' ಎಂಬ ಉತ್ತರ ನಿರೀಕ್ಷಿಸಿದ್ದೆವು. ಆದರೆ ಅಕ್ಷರಗಳು ಪರದೆಯ ಮೇಲೆ ಮೂಡುವಂತೆ ಮಾಡುವ ತಂತ್ರಾಂಶದ ಮೇಲೆ ಕೆಲಸ ಮಾಡುವ ಮಹಿಳೆಯೊಬ್ಬರು ತಲೆ ಅಲ್ಲಾಡಿಸಿ, ಎರಡು ನಿಜ ಘಟನೆಗಳನ್ನು ಹೇಳಿದರು.

ಮೊದಲನೆಯದು 2018ರ ಫೆಬ್ರವರಿಯದ್ದು. ತೆಲುಗಿನ 'ಜ್ಞಾ' ಅಕ್ಷರ ಇರುವ ಒಂದು ಮೆಸೇಜ್ ಬಂದರೆ ಐಫೋನ್‌ನಲ್ಲಿ ಆ ಆ್ಯಪ್ ನಿಂತುಹೋಗುತ್ತಿತ್ತು. ನೋಟಿಫಿಕೇಶನ್‌ನಲ್ಲಿ ಕಂಡರೆ ಇಡೀ ಫೋನೇ ತಡವರಿಸುತ್ತಿತ್ತು. ಕಾರಣ ವೈರಸ್ ಅಲ್ಲ. ನಮ್ಮ ಒತ್ತಕ್ಷರಗಳನ್ನು ಬರೆಯುವುದು ಫೋನಿಗೆ ಸುಲಭವಲ್ಲ. ಜಕಾರ, ಅದರ ಒತ್ತು, ದೀರ್ಘ, ಜೊತೆಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿದಾಗ ಯಾವುದು ಎಲ್ಲಿ ಕೂರಬೇಕು ಎಂದು ಫೋನ್ ಲೆಕ್ಕ ಹಾಕಬೇಕು. ಆ ಲೆಕ್ಕದಲ್ಲಿ ಒಂದು ತಪ್ಪಿತ್ತು. ಆ್ಯಪಲ್ ಕಂಪನಿ ಅದೇ ತಿಂಗಳ 19ರಂದು ಐಒಎಸ್ 11.2.6 ಎಂಬ ಅಪ್‌ಡೇಟ್ ಬಿಟ್ಟು ಸರಿಪಡಿಸಿತು.

ಎರಡನೆಯದು 2020ರದ್ದು. ಕೆರೆ, ಬೆಟ್ಟ, ಮೋಡ ಇರುವ ಒಂದು ಚೆಂದದ ಫೋಟೊವನ್ನು ವಾಲ್‌ಪೇಪರ್ ಮಾಡಿಕೊಂಡರೆ ಕೆಲವು ಆಂಡ್ರಾಯ್ಡ್ 10 ಫೋನ್‌ಗಳು ಆನ್ ಆಗುವುದು, ಆಫ್ ಆಗುವುದು, ಹೀಗೇ ಸುತ್ತುತ್ತಿದ್ದವು. ಬಣ್ಣದ ಹೊಳಪನ್ನು ಫೋನ್ 0ಯಿಂದ 255ರವರೆಗಿನ ಅಂಕಿಯಲ್ಲಿ ಲೆಕ್ಕ ಹಾಕುತ್ತದೆ. ಆ ಫೋಟೊದ ಬಣ್ಣಗಳನ್ನು ದಾಖಲಿಸಿದ ಬಗೆ ಬೇರೆಯಾಗಿದ್ದರಿಂದ ಒಂದು ಕಡೆ ಲೆಕ್ಕ 255 ದಾಟಿತು. ದಾಟಿದರೆ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ. ಫೋನ್ ಬಿದ್ದುಹೋಯಿತು.

ಇವು ಹ್ಯಾಕರ್‌ಗಳ ಕೈವಾಡವಲ್ಲ, ಬರೆದವರ ಕಣ್ತಪ್ಪು. ಇಂಥದ್ದಕ್ಕೆ 'ಬಗ್' ಎನ್ನುತ್ತಾರೆ. ಹಾಗಾದರೆ ನಿಜ ಎಚ್ಚರಿಕೆಯನ್ನು ಸುಳ್ಳಿನಿಂದ ಬೇರ್ಪಡಿಸುವುದು ಹೇಗೆ? ಅವರು ಹೇಳಿದ ಸೂತ್ರ ಸರಳವಾಗಿತ್ತು. ನಿಜವಾದ ಬಗ್‌ಗೆ ಒಂದು ತಾರೀಖು ಇರುತ್ತದೆ, ಯಾವ ಫೋನ್, ಯಾವ ಆವೃತ್ತಿ ಎಂದು ಇರುತ್ತದೆ, ಕೊನೆಗೆ ಒಂದು ಅಪ್‌ಡೇಟ್ ಇರುತ್ತದೆ. ಸುಳ್ಳಿಗೆ ಇರುವುದು 'ನಾಳೆ' ಮತ್ತು 'ಎಲ್ಲರಿಗೂ ಕಳಿಸಿ' ಮಾತ್ರ. ಆದ್ದರಿಂದ ಎಚ್ಚರಿಕೆಯ ಮೆಸೇಜ್ ಫಾರ್ವರ್ಡ್ ಮಾಡುವುದಕ್ಕಿಂತ ಫೋನನ್ನು ಅಪ್‌ಡೇಟ್ ಮಾಡುವುದು ಉಪಯೋಗದ ಕೆಲಸ.

ಫೋನ್ ನಮ್ಮ ಮಾತು ಕದ್ದು ಕೇಳುತ್ತದೆಯೇ?

'ಮನೆಯಲ್ಲಿ ಕುಕ್ಕರ್ ಬಗ್ಗೆ ಮಾತಾಡಿದೆವು, ಐದೇ ನಿಮಿಷದಲ್ಲಿ ಕುಕ್ಕರ್ ಜಾಹೀರಾತು ಬಂತು.' ನಮಗೆ ಅತಿ ಹೆಚ್ಚು ಬರುವ ಪ್ರಶ್ನೆಗಳಲ್ಲಿ ಇದೂ ಒಂದು.

ಊಟದ ಸಾಲಿನಲ್ಲಿ ಸಿಕ್ಕ ಮೂವರನ್ನು ಕೇಳಿದೆವು. ಅದರಲ್ಲೊಬ್ಬರು ಜಾಹೀರಾತು ತೋರಿಸುವ ತಂತ್ರಾಂಶದ ಮೇಲೇ ಕೆಲಸ ಮಾಡಿದವರು. ಕದ್ದು ಕೇಳುವ ಅಗತ್ಯವೇ ಇಲ್ಲ, ಅದಕ್ಕಿಂತ ಸುಲಭದ ದಾರಿಗಳಿವೆ ಎಂದರು. ನೀವು ಎಲ್ಲಿದ್ದೀರಿ, ಏನು ಹುಡುಕಿದಿರಿ, ಯಾವ ವಿಡಿಯೊದ ಮೇಲೆ ಎಷ್ಟು ಹೊತ್ತು ನಿಂತಿರಿ, ನಿಮ್ಮ ಮನೆಯ ವೈಫೈ ಬಳಸುವ ಇನ್ನೊಬ್ಬರು ಏನು ನೋಡಿದರು ಎಂಬುದೆಲ್ಲ ಸೇರಿದರೆ ಊಹೆ ಬಹಳ ಹತ್ತಿರ ಬರುತ್ತದೆ. ಕುಕ್ಕರ್ ಬಗ್ಗೆ ಮಾತಾಡುವ ಮೊದಲು ಮನೆಯಲ್ಲಿ ಯಾರೋ ಕುಕ್ಕರ್ ಹುಡುಕಿರುತ್ತಾರೆ. ಮಾತಾಡಿದ ನೂರು ವಿಷಯಗಳಲ್ಲಿ ಜಾಹೀರಾತು ಬಾರದ ತೊಂಬತ್ತೊಂಬತ್ತನ್ನು ನಾವು ಮರೆಯುತ್ತೇವೆ, ಬಂದ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ.

ವಾಪಸ್ ಬಂದು ನೋಡಿದಾಗ ಇದಕ್ಕೆ ಪುರಾವೆಯೂ ಸಿಕ್ಕಿತು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಟ್ಟಾಗಿ ಮೈಕ್ ಆನ್ ಮಾಡಿ ಧ್ವನಿ ಕಳಿಸುವ ಆ್ಯಪ್ ಅವರಿಗೆ ಸಿಗಲಿಲ್ಲ. ಆದರೆ ಬಳಕೆದಾರರಿಗೆ ತಿಳಿಸದೆ ಪರದೆಯ ಮೇಲಿನದ್ದನ್ನು ರೆಕಾರ್ಡ್ ಮಾಡಿ ಬೇರೆಯವರಿಗೆ ಕಳಿಸುವ ಆ್ಯಪ್ ಸಿಕ್ಕಿತ್ತು. ಅಂದರೆ ಭಯ ಸುಳ್ಳಲ್ಲ, ನಾವು ಭಯಪಡುತ್ತಿರುವ ದಿಕ್ಕು ತಪ್ಪು.

ಒಂದು ಮಾತನ್ನು ಮುಚ್ಚಿಡುವಂತಿಲ್ಲ. 'ಹೇ ಗೂಗಲ್', 'ಹೇ ಸಿರಿ' ಎಂದು ಕರೆಯುವ ಸಹಾಯಕಗಳು ಕೆಲವೊಮ್ಮೆ ಕರೆಯದೇ ಎಚ್ಚರಗೊಳ್ಳುತ್ತವೆ. ಹಾಗೆ ದಾಖಲಾದ ಧ್ವನಿಯ ತುಣುಕುಗಳನ್ನು ಗುಣಮಟ್ಟ ಪರೀಕ್ಷೆಗೆಂದು ಮನುಷ್ಯರೇ ಕೇಳುತ್ತಿದ್ದರು ಎಂಬುದು 2019ರಲ್ಲಿ ಹೊರಬಂದು ದೊಡ್ಡ ಸುದ್ದಿಯಾಗಿತ್ತು. ನಿಮಗೆ ಅನುಮಾನವಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಯಾವ ಆ್ಯಪ್‌ಗೆ ಮೈಕ್ ಅನುಮತಿ ಇದೆ ನೋಡಿ, ಬೇಡವಾದದ್ದನ್ನು ತೆಗೆಯಿರಿ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನ್‌ಗಳಲ್ಲಿ ಮೈಕ್ ಬಳಕೆಯಾದರೆ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ಐಫೋನ್‌ನಲ್ಲಿ ಕಿತ್ತಳೆ ಚುಕ್ಕೆ. ಟಾರ್ಚ್ ಆ್ಯಪ್‌ಗೆ ಮೈಕ್ ಯಾಕೆ ಬೇಕು ಎಂದು ಒಮ್ಮೆ ಕೇಳಿಕೊಂಡರೆ ಸಾಕು.

ಇಂಜಿನಿಯರ್‌ಗಳೂ ತಪ್ಪುತ್ತಾರೆ

ಎಲ್ಲರ ಮಾತನ್ನೂ ಪರಿಶೀಲಿಸಿದೆವು ಎಂದೆವಲ್ಲ, ಕಾರಣ ಇದು. ಬ್ಯಾಟರಿ ಉಳಿಸಲು ಹಿಂದೆ ತೆರೆದಿಟ್ಟ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ತಳ್ಳಿ ಮುಚ್ಚಬೇಕು ಎಂಬ ಫಾರ್ವರ್ಡ್ ತೋರಿಸಿದಾಗ ಒಬ್ಬರು, ಹೌದು, ತಾನೂ ದಿನಾ ಹಾಗೇ ಮಾಡುತ್ತೇನೆ ಎಂದರು. ಪಕ್ಕದಲ್ಲಿದ್ದ ಅವರ ಗೆಳೆಯ, ಆಂಡ್ರಾಯ್ಡ್ ಆ್ಯಪ್ ಬರೆಯುವವರು, ಕಾಫಿ ಲೋಟ ಕೆಳಗಿಟ್ಟು ಅಲ್ಲೇ ಜಗಳ ಶುರು ಮಾಡಿದರು.

ಗೆಳೆಯರ ಮಾತೇ ಸರಿ. ಹಿಂದಿರುವ ಆ್ಯಪ್‌ಗಳಲ್ಲಿ ಹೆಚ್ಚಿನವು ಕೆಲಸ ಮಾಡುತ್ತಿರುವುದಿಲ್ಲ, ಫೋನಿನ ನೆನಪಿನಲ್ಲಿ ಸುಮ್ಮನೆ ಮಲಗಿರುತ್ತವೆ. ಅವನ್ನು ಮುಚ್ಚಿ ಮತ್ತೆ ಮೊದಲಿನಿಂದ ತೆರೆದರೆ ಇನ್ನಷ್ಟು ಬ್ಯಾಟರಿ ಖರ್ಚು. ಒಲೆ ಮೇಲಿನ ಬಿಸಿ ನೀರನ್ನು ಚೆಲ್ಲಿ, ಐದು ನಿಮಿಷಕ್ಕೆ ಮತ್ತೆ ತಣ್ಣೀರು ಕಾಯಿಸಿದ ಹಾಗೆ. 2016ರಲ್ಲಿ ಐಫೋನ್ ಬಳಕೆದಾರರೊಬ್ಬರು ಇದೇ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕೇಳಿದಾಗ, ಆ್ಯಪಲ್‌ನ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡರಿಘಿ ಅದರ ಅಗತ್ಯವಿಲ್ಲ ಎಂದೇ ಉತ್ತರಿಸಿದ್ದರು. ಆ್ಯಪ್ ನಿಂತುಹೋಗಿದ್ದರೆ ಮಾತ್ರ ಮುಚ್ಚಿ ತೆರೆಯಿರಿ.

ಇಂಜಿನಿಯರ್ ಎಂದರೆ ಎಲ್ಲವೂ ಗೊತ್ತಿರುವವರು ಎಂದಲ್ಲ. ಕಣ್ಣಿನ ಡಾಕ್ಟರ್‌ಗೆ ಹಲ್ಲಿನ ಬಗ್ಗೆ ಎಷ್ಟು ಗೊತ್ತಿರುತ್ತದೋ, ಬ್ಯಾಂಕ್ ಸಾಫ್ಟ್‌ವೇರ್ ಬರೆಯುವವರಿಗೆ ಬ್ಯಾಟರಿ ಬಗ್ಗೆ ಅಷ್ಟೇ ಗೊತ್ತಿರಬಹುದು. ಮುಂದಿನ ಬಾರಿ 'ಇಂಜಿನಿಯರ್ ಹೇಳಿದ್ದು' ಎಂಬ ಫಾರ್ವರ್ಡ್ ಬಂದಾಗ ಇದು ನೆನಪಿರಲಿ.

ಮದುವೆಗೆ ಕರೆದ ಆ್ಯಪ್

ಈ ಭಾಗವನ್ನು ನಾವು ನಗುತ್ತಾ ಬರೆಯುತ್ತಿಲ್ಲ.

ನಮ್ಮ ತಂಡದಲ್ಲೊಬ್ಬರ ಚಿಕ್ಕಮ್ಮ ತುಮಕೂರು ಕಡೆಯವರು. ಹೊಲಿಗೆ ಕೆಲಸ ಮಾಡುತ್ತಾರೆ. ಕಳೆದ ವರ್ಷ ಅವರ ಫೋನಿಗೆ ಪರಿಚಯದವರ ನಂಬರಿನಿಂದಲೇ ಒಂದು ಮದುವೆ ಕರೆಯೋಲೆ ಬಂತು. ಫೋಟೊ ಅಲ್ಲ, ಒಂದು ಫೈಲ್. ಒತ್ತಿದರು. ಫೋನ್ ಏನೋ ಕೇಳಿತು, 'ಅನುಮತಿಸಿ' ಎಂದು ಒತ್ತಿದರು. ಮತ್ತೇನೋ ಕೇಳಿತು, ಮತ್ತೆ ಒತ್ತಿದರು. ಕರೆಯೋಲೆ ತೆರೆಯಲೇ ಇಲ್ಲ. ನೆಟ್‌ವರ್ಕ್ ಸರಿ ಇಲ್ಲವೇನೋ ಎಂದು ಸುಮ್ಮನಾದರು. ಮಾರನೇ ದಿನ ಬೆಳಗ್ಗೆ ಒಡವೆ ಬಿಡಿಸಿಕೊಳ್ಳಲು ಕೂಡಿಟ್ಟ ದುಡ್ಡು ಖಾತೆಯಲ್ಲಿ ಇರಲಿಲ್ಲ.

ಸಮ್ಮೇಳನದಲ್ಲಿ ಈ ಕತೆಯನ್ನು ಪೇಮೆಂಟ್ ಆ್ಯಪ್‌ಗಳ ಸುರಕ್ಷತೆ ನೋಡಿಕೊಳ್ಳುವ ಇಂಜಿನಿಯರ್ ಒಬ್ಬರಿಗೆ ಹೇಳಿದೆವು. ಅವರು ಅರ್ಧ ಕೇಳುತ್ತಲೇ ಉಳಿದರ್ಧ ತಾವೇ ಹೇಳಿದರು.

ಆ ಫೈಲ್‌ನ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿರುತ್ತದೆ. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್‌ನ ಗಂಟು. ಫೋಟೊ ತೆರೆದರೆ ಕಾಣುತ್ತದೆ, ಪಿಡಿಎಫ್ ತೆರೆದರೆ ಓದಬಹುದು, ಎಪಿಕೆ ತೆರೆದರೆ ನಿಮ್ಮ ಫೋನಿನಲ್ಲಿ ಒಂದು ಹೊಸ ಆ್ಯಪ್ ಕೂರುತ್ತದೆ. ಮೊದಲ 'ಅನುಮತಿಸಿ' ಒತ್ತಿದಾಗ, ಪ್ಲೇಸ್ಟೋರ್ ಬಿಟ್ಟು ಹೊರಗಿನಿಂದ ಬಂದ ಆ್ಯಪ್ ಹಾಕಲು ಒಪ್ಪಿಗೆ ಸಿಕ್ಕಿತು. ಎರಡನೆಯದು ಒತ್ತಿದಾಗ, ಎಸ್‌ಎಂಎಸ್ ಓದಲು ಒಪ್ಪಿಗೆ ಸಿಕ್ಕಿತು. ಬ್ಯಾಂಕಿನ ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲೇ. ಒಟಿಪಿ ಯಾರಿಗೂ ಹೇಳಬಾರದು ಎಂದು ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವರು ಯಾರಿಗೂ ಹೇಳಲೂ ಇಲ್ಲ. ಫೋನೇ ಹೇಳಿತು.

ಪರಿಚಯದವರ ನಂಬರಿನಿಂದ ಹೇಗೆ ಬಂತು? ಅವರ ಫೋನು ಅಥವಾ ವಾಟ್ಸ್‌ಆ್ಯಪ್ ಖಾತೆ ಮೊದಲೇ ಕಳ್ಳರ ಕೈಗೆ ಸಿಕ್ಕಿತ್ತು. ಅಲ್ಲಿಂದ ಕಾಂಟ್ಯಾಕ್ಟ್‌ನಲ್ಲಿದ್ದ ಎಲ್ಲರಿಗೂ ಅದೇ ಕರೆಯೋಲೆ ಹೋಗಿತ್ತು. ಅದಕ್ಕೇ 'ಗೊತ್ತಿರುವವರು ಕಳಿಸಿದ್ದು' ಎನ್ನುವುದು ಈಗ ಧೈರ್ಯದ ಮಾತಲ್ಲ. ಇದೇ ಗಂಟು ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ, ಸರ್ಕಾರಿ ಯೋಜನೆಯ ಅರ್ಜಿ ಎಂಬ ವೇಷಗಳಲ್ಲೂ ಬರುತ್ತದೆ.

ಚಿಕ್ಕಮ್ಮ ಒಂಬತ್ತು ದಿನ ಈ ವಿಷಯ ಯಾರಿಗೂ ಹೇಳಲಿಲ್ಲ. ಇಷ್ಟು ಓದಿದ ಮಕ್ಕಳಿರುವ ಮನೆಯಲ್ಲಿ ತಾನು ಹೀಗೆ ಮೋಸಹೋದೆನಲ್ಲ ಎಂಬ ನಾಚಿಕೆ. ಇದನ್ನು ಕೇಳಿದಾಗ ಆ ಇಂಜಿನಿಯರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಳ್ಳರಿಗೆ ಒಟಿಪಿಗಿಂತ ಹೆಚ್ಚು ಸಹಾಯ ಮಾಡುವುದು ಈ ನಾಚಿಕೆ ಎಂದರು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಬೇಗ ದೂರು ಕೊಟ್ಟರೆ ನಡುವೆ ಎಲ್ಲೋ ತಡೆಹಿಡಿಯುವ ಸಾಧ್ಯತೆ ಇದೆ. ಒಂಬತ್ತು ದಿನವಾದರೆ ಹಿಡಿಯಲು ಏನೂ ಉಳಿದಿರುವುದಿಲ್ಲ. ತಮ್ಮ ಸಹೋದ್ಯೋಗಿಯೊಬ್ಬರೂ, ಅವರೂ ಇಂಜಿನಿಯರೇ, ಇಂಥದ್ದೇ ಲಿಂಕ್ ಒತ್ತಿ ಹಣ ಕಳೆದುಕೊಂಡಿದ್ದಾರೆ ಎಂದು ಮೆಲ್ಲಗೆ ಸೇರಿಸಿದರು. ಓದು ಇಲ್ಲಿ ರಕ್ಷಣೆಯಲ್ಲ. ಅವಸರದಲ್ಲಿರುವ ಯಾರೂ ಒತ್ತಬಹುದು.

ನಿಮಗೋ ನಿಮ್ಮವರಿಗೋ ಹೀಗಾದರೆ ಮಾಡಬೇಕಾದ್ದು ಇಷ್ಟು:

ತಕ್ಷಣ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಆ್ಯಪ್‌ಗೆ ಹೊರಗಿನ ಸಂಪರ್ಕ ತಪ್ಪಬೇಕು.

ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡ್, ಯುಪಿಐ ನಿಲ್ಲಿಸಲು ಹೇಳಿ. ಬ್ಯಾಂಕಿನ ನಂಬರ್ ಪಾಸ್‌ಬುಕ್ ಅಥವಾ ಕಾರ್ಡ್‌ನ ಹಿಂದೆ ಇರುತ್ತದೆ. ಇಂಟರ್ನೆಟ್‌ನಲ್ಲಿ ಹುಡುಕಿ ಸಿಕ್ಕ ಮೊದಲ ನಂಬರಿಗೆ ಕರೆ ಮಾಡಬೇಡಿ, ಅಲ್ಲೂ ಕಳ್ಳರಿರುತ್ತಾರೆ.

1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಬ್ಯಾಂಕಿಗೆ ತಿಳಿಸಿದ ಸಮಯ ಮತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಹಾಗಾಗಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಆ ಆ್ಯಪ್ ತೆಗೆಯಿರಿ. ಮುಖ್ಯವಾದ ಫೋಟೊ, ನಂಬರ್‌ಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸುವುದು ಇನ್ನೂ ಒಳ್ಳೆಯದು.

ಮತ್ತು ಮನೆಯವರು 'ಯಾಕೆ ಒತ್ತಿದೆ?' ಎಂದು ಕೇಳುವುದನ್ನು ಆಮೇಲೆ ಇಟ್ಟುಕೊಳ್ಳಿ. ಮೊದಲು '1930ಕ್ಕೆ ಕರೆ ಮಾಡೋಣ' ಎನ್ನಿ.

ಐದೇ ಜನಕ್ಕೆ ಯಾಕೆ ಕಳಿಸಬಹುದು?

ಕೊನೆಯ ಪ್ರಶ್ನೆ ಕೇಳಿದ್ದು ಸಮ್ಮೇಳನ ಮುಗಿದು ಬ್ಯಾನರ್ ಬಿಚ್ಚುತ್ತಿದ್ದಾಗ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲು ಆಗದು ಎಂದು ನಿಮಗೆ ಗೊತ್ತು. ಬಹಳ ಸಲ ಫಾರ್ವರ್ಡ್ ಆಗಿದ್ದರೆ ಒಮ್ಮೆಗೆ ಒಂದೇ. ಇದು ಯಾಕೆ?

ಹುಬ್ಬಳ್ಳಿಯ ಇಂಜಿನಿಯರ್ ಮತ್ತೆ ಸಿಕ್ಕಿದ್ದರು. ಟಿಶ್ಯೂ ಕಾಗದದ ಮೇಲೆ ಬರೆದು ತೋರಿಸಿದರು. ಒಬ್ಬರು ಐದು ಜನರಿಗೆ, ಅವರು ತಲಾ ಐದು ಜನರಿಗೆ ಕಳಿಸಿದರೆ ಎರಡನೇ ಸುತ್ತಿಗೆ 25, ನಾಲ್ಕನೇ ಸುತ್ತಿಗೆ 625, ಆರನೇ ಸುತ್ತಿಗೆ 15,625. ಇದು ವ್ಯಕ್ತಿಗಳ ಲೆಕ್ಕ. ಗ್ರೂಪ್‌ಗಳಿಗೆ ಕಳಿಸಿದರೆ? ಈಗ ಒಂದು ಗ್ರೂಪ್‌ನಲ್ಲಿ 1024 ಜನ ಇರಬಹುದು. ಐದು ಗ್ರೂಪ್ ಎಂದರೆ ಒಂದೇ ಬೆರಳಿನಿಂದ ಐದು ಸಾವಿರ ಜನ.

ಮೆಸೇಜ್ ಓದಲು ಆಗದಿದ್ದರೆ ಎಷ್ಟು ಸಲ ಫಾರ್ವರ್ಡ್ ಆಗಿದೆ ಎಂದು ಆ್ಯಪ್‌ಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆವು. ಮೆಸೇಜ್ ಜೊತೆಗೇ ಬೀಗದ ಒಳಗೆ ಒಂದು ಎಣಿಕೆ ಇರುತ್ತದಂತೆ. ಪ್ರತಿ ಫಾರ್ವರ್ಡ್‌ಗೂ ಅದು ಏರುತ್ತದೆ. ಐದು ಕೈ ದಾಟಿದರೆ ನಿಮ್ಮ ಫೋನ್ ಅದನ್ನು ನೋಡಿ ಎರಡು ಬಾಣದ ಗುರುತು ತೋರಿಸುತ್ತದೆ. ಆದರೆ ಯಾರಾದರೂ ಮೆಸೇಜನ್ನು ಕಾಪಿ ಮಾಡಿ ಹೊಸದಾಗಿ ಪೇಸ್ಟ್ ಮಾಡಿದರೆ ಎಣಿಕೆ ಮತ್ತೆ ಸೊನ್ನೆ. ಹಾಗಾಗಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದಿದೆ ಎಂಬುದು ಖಚಿತ. ಗುರುತಿಲ್ಲದಿದ್ದರೆ ಕಳಿಸಿದವರೇ ಬರೆದದ್ದು ಎಂದು ಖಚಿತವಲ್ಲ.

ಈ ಮಿತಿಗಳು ಎಲ್ಲಿಂದ ಬಂದವು ಎಂದು ಅವರು ಹೇಳಲಿಲ್ಲ. ನಮಗೆ ಗೊತ್ತಿತ್ತು. ಕರ್ನಾಟಕದಲ್ಲಿರುವ ನಮಗೆ ಅದು ಮರೆಯಬಾರದ ವಿಷಯ.

2018ರಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಮೆಸೇಜ್ ದೇಶದ ತುಂಬ ಹರಡಿತು. ಜೊತೆಗಿದ್ದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅಸಲಿಗೆ ಅದು ಮಕ್ಕಳ ಸುರಕ್ಷತೆಗಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ. ಅದರಲ್ಲಿ ಎತ್ತಿಕೊಂಡು ಹೋದವರೇ ಮಗುವನ್ನು ವಾಪಸ್ ತಂದುಬಿಡುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಬಿಟ್ಟಿದ್ದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಇದೇ ವದಂತಿಗೆ ಐವರನ್ನು ಹೊಡೆದು ಕೊಂದರು.

ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅಷ್ಟಕ್ಕೇ ಅನುಮಾನ ಹುಟ್ಟಿತು. ಗುಂಪು ಅಲ್ಲಿಂದ ಕಾರಿನಲ್ಲಿ ಹೊರಟರೆ, ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್ ಮೆಸೇಜ್ ಮುಂದಿನ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ಜನ ಕಾದಿದ್ದರು. ಆ ದಿನ ಸತ್ತ ಯುವಕ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್.

ವಾಟ್ಸ್‌ಆ್ಯಪ್ 'ಫಾರ್ವರ್ಡೆಡ್' ಎಂಬ ಗುರುತನ್ನು ತಂದದ್ದು ಆ ಘಟನೆಗೆ ಕೆಲವೇ ದಿನ ಮುಂಚೆ. ಭಾರತದಲ್ಲಿ ಐದು ಚಾಟ್‌ಗಳ ಮಿತಿ ಘೋಷಿಸಿದ್ದು ಆ ಘಟನೆಯಾದ ಕೆಲವೇ ದಿನಗಳಲ್ಲಿ. 2019ರ ಜನವರಿಯಲ್ಲಿ ಇದೇ ಮಿತಿ ಪ್ರಪಂಚಕ್ಕೆಲ್ಲ ಬಂತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಸುಳ್ಳುಗಳು ಹೆಚ್ಚಾದಾಗ, ಬಹಳ ಸಲ ಫಾರ್ವರ್ಡ್ ಆದ ಮೆಸೇಜ್‌ಗೆ ಒಂದೇ ಚಾಟ್ ಎಂದು ಬಿಗಿ ಮಾಡಿದರು. ಅದರಿಂದ ಅಂಥ ಮೆಸೇಜ್‌ಗಳು ಶೇ 70ರಷ್ಟು ಕಡಿಮೆಯಾದವು ಎಂದು ಕಂಪನಿ ಹೇಳಿಕೊಂಡಿತು.

ಗಮನಿಸಿ, ಇವು ಯಾವುವೂ ಸುಳ್ಳನ್ನು ತಡೆಯುವುದಿಲ್ಲ. ಬರೀ ನಿಧಾನ ಮಾಡುತ್ತವೆ. ರಸ್ತೆಯ ಹಂಪ್ ಗಾಡಿಯನ್ನು ನಿಲ್ಲಿಸುವುದಿಲ್ಲ, ಡ್ರೈವರ್ ಬ್ರೇಕ್ ಒತ್ತುವಂತೆ ಮಾಡುತ್ತದೆ. ಇಂಜಿನಿಯರ್‌ಗಳ ಕೈಲಿ ಆಗುವುದು ಅಷ್ಟೇ ಎಂದು ಅವರೇ ಒಪ್ಪಿಕೊಂಡರು. ಬ್ರೇಕ್ ಒತ್ತುವ ಕಾಲು ನಮ್ಮದು.

ಹಾಗಾದರೆ ನಾವು ಏನು ಮಾಡಬೇಕು?

ಹೊರಡುವಾಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ್ದೆವು. ನಿಮ್ಮ ಮನೆಯ ಗ್ರೂಪ್‌ನಲ್ಲಿ ಸುಳ್ಳು ಫಾರ್ವರ್ಡ್ ಬಂದರೆ ಏನು ಮಾಡುತ್ತೀರಿ? ಹೆಚ್ಚಿನವರು ಸುಮ್ಮನಿರುತ್ತೇವೆ ಎಂದರು. ಗ್ರೂಪ್‌ನಲ್ಲೇ 'ಇದು ಫೇಕ್' ಎಂದು ಹಾಕಿ ದೊಡ್ಡಪ್ಪನ ಜೊತೆ ಮಾತು ಬಿಟ್ಟವರೂ ಇದ್ದರು. ಅಕ್ಷರಗಳ ಬಗ್ಗೆ ಹೇಳಿದ ಮಹಿಳೆಯ ಉತ್ತರ ನಮಗೆ ಹಿಡಿಸಿತು. ಅವರು ಗ್ರೂಪ್‌ನಲ್ಲಿ ಏನೂ ಬರೆಯುವುದಿಲ್ಲ. ಕಳಿಸಿದವರಿಗೆ ಫೋನ್ ಮಾಡಿ, ಊಟ ಆಯಿತಾ ಎಂದು ಕೇಳಿ, ಆಮೇಲೆ ವಿಷಯ ಹೇಳುತ್ತಾರೆ. ಎಲ್ಲರೆದುರು ತಪ್ಪು ತೋರಿಸಿದರೆ ಯಾರೂ ಒಪ್ಪುವುದಿಲ್ಲ, ಒಬ್ಬರೇ ಇದ್ದಾಗ ಹೇಳಿದರೆ ಬಹಳ ಜನ ತಾವೇ ಡಿಲೀಟ್ ಮಾಡುತ್ತಾರೆ.

ಫಾರ್ವರ್ಡ್ ಒತ್ತುವ ಮೊದಲು ಮೂರು ಪ್ರಶ್ನೆ ಸಾಕು. ಇದರಲ್ಲಿ ತಾರೀಖು, ಊರು, ಹೆಸರು ಇದೆಯೇ? ಇದು ಭಯಪಡಿಸಿ ಅವಸರ ಮಾಡುತ್ತಿದೆಯೇ? ಇದು ಸುಳ್ಳಾದರೆ ಯಾರಿಗೆ ಏಟು ಬೀಳುತ್ತದೆ? ಮೂರನೆಯದಕ್ಕೆ ಉತ್ತರ ಹೊಳೆದರೆ ಅಲ್ಲೇ ನಿಲ್ಲಿಸಿ.

ಚಿಕ್ಕಮ್ಮನ ಹಣ ವಾಪಸ್ ಬಂದಿಲ್ಲ. ದೂರು ಇನ್ನೂ ನಡೆಯುತ್ತಿದೆ. ಆದರೆ ಈಗ ಅವರ ಬೀದಿಯಲ್ಲಿ ಯಾರ ಫೋನಿಗೆ ಫೈಲ್ ಬಂದರೂ ಮೊದಲು ಅವರ ಹೊಲಿಗೆ ಮೆಷಿನ್ ಹತ್ತಿರ ತರುತ್ತಾರೆ. ಅವರು ಕನ್ನಡಕ ಹಾಕಿಕೊಂಡು ಹೆಸರಿನ ಕೊನೆಯ ಮೂರು ಅಕ್ಷರ ನೋಡುತ್ತಾರೆ. ಆಮೇಲೆ ಹೇಳುತ್ತಾರೆ: "ಇದು ಓಲೆ ಅಲ್ಲ ಕಣಮ್ಮ, ಮುಟ್ಟಬೇಡ."

ಈ ಲೇಖನವನ್ನು ನಿಮ್ಮ ಗ್ರೂಪ್‌ಗಳಿಗೆ ಕಳಿಸಬಹುದು. ಎಲ್ಲರಿಗೂ ಬೇಡ. ನಿಮ್ಮ ಮನೆಯಲ್ಲಿ 'ಅನುಮತಿಸಿ' ಎಂದು ಬೇಗ ಒತ್ತುವವರು ಯಾರು ಎಂದು ನಿಮಗೆ ಗೊತ್ತಿರುತ್ತದೆ. ಅವರಿಗೆ ಮೊದಲು ಕಳಿಸಿ, ಆಮೇಲೆ ಒಂದು ಫೋನ್ ಮಾಡಿ.